ಕರಪ್ಟ್ ಆಗಿದ್ದು ಫೈಲ್ ಅಲ್ಲ

"ಫೈಲ್ ಕರಪ್ಟ್ ಆಗ್ಯಾವ್ರಿ. ಇನ್ನ ಏನೂ ಮಾಡಾಕ ಬರೂದಿಲ್ಲ."

ಬೈಲಹೊಂಗಲ, ಸವದತ್ತಿ, ಕಿತ್ತೂರು, ರಾಮದುರ್ಗ, ಯಾವ ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕುಳಿತರೂ ಈಚೆಗೆ ಈ ತೀರ್ಪು ಕಿವಿಗೆ ಬೀಳುತ್ತದೆ. ಕೇಳಿದವರು ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗುತ್ತಾರೆ. ಹದಿನೈದಿಪ್ಪತ್ತು ವರ್ಷದ ಹಿಂದಿನ ಮದುವೆ, ತೊಟ್ಟಿಲ ಕಾರ್ಯ, ತೀರಿಹೋದ ತಂದೆಯ ಅರವತ್ತರ ಶಾಂತಿ, ಎಲ್ಲವೂ ಆ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ. ನನಗೆ ಆ ತೀರ್ಪಿನ ಮೇಲೆ ತಕರಾರಿದೆ. ಹತ್ತರಲ್ಲಿ ಎಂಟು ಸಲ ಫೈಲಿಗೆ ಏನೂ ಆಗಿರುವುದಿಲ್ಲ ಎಂದು ಲೆಕ್ಕ ಹಾಕಿ ಹೇಳುವಷ್ಟು ಅಂಕಿಅಂಶ ನನ್ನ ಹತ್ತಿರ ಇಲ್ಲ. ಆದರೆ ಪರೀಕ್ಷೆಯನ್ನೇ ಮಾಡದೆ ಕೊಟ್ಟ ತೀರ್ಪು ಅದು ಎಂಬುದನ್ನು ಧೈರ್ಯವಾಗಿ ಹೇಳಬಲ್ಲೆ.

ಈ ಗಲಾಟೆ ಈಗ ಹೆಚ್ಚಾಗಲು ಕಾರಣವಿದೆ. ಕಿತ್ತೂರು ಉತ್ಸವಕ್ಕೆ ಇನ್ನು ಒಂಬತ್ತು ದಿನ ಇದೆ ಎನ್ನುವಾಗ, 2025ರ ಅಕ್ಟೋಬರ್ 14ಕ್ಕೆ, ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 7ರ ಕಥೆ 2020ರ ಜನವರಿಯಲ್ಲೇ ಮುಗಿದಿತ್ತು, ಎಕ್ಸ್‌ಪಿಯದು 2014ರ ಏಪ್ರಿಲ್‌ನಲ್ಲಿ. ಆದರೂ ನಮ್ಮ ಕಡೆ ಎಕ್ಸ್‌ಪಿಯಲ್ಲೇ ಕಾಲ ಹಾಕಿದ ಸ್ಟುಡಿಯೊಗಳೂ ಸೊಸೈಟಿಗಳೂ ಕಡಿಮೆಯೇನಲ್ಲ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು ಎಂಬ ಕರಾರು ಬಂದಾಗ ಹಳೆಯ ಯಂತ್ರಗಳು ದಂಡಿಯಾಗಿ ಮೂಲೆ ಸೇರಿದವು. ಹೊಸ ಲ್ಯಾಪ್‌ಟಾಪ್ ಬಂತು. ಅದರಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಹಳೆಯ ಹಾರ್ಡ್ ಡಿಸ್ಕಿನಿಂದ ಫೈಲುಗಳನ್ನು ಹೇಗೋ ಸುರಿದುಕೊಂಡು ಕ್ಲಿಕ್ ಮಾಡಿದರೆ ಕಪ್ಪು ಪರದೆ.

ಆ ಪರದೆಯ ಮೇಲೆ ಬರುವ ಇಂಗ್ಲಿಷ್ ಸೂಚನೆಯನ್ನು ಪೂರ್ತಿ ಓದುವವರು ಕಡಿಮೆ. ವಿಂಡೋಸ್‌ನ ಪ್ಲೇಯರ್ ಅಲ್ಲಿ ಮೂರು ಸಾಧ್ಯತೆ ಹೇಳುತ್ತದೆ. ಈ ಬಗೆಯ ಫೈಲ್ ನನಗೆ ಬರುವುದಿಲ್ಲ, ಇಲ್ಲವೇ ಹೆಸರಿನ ಕೊನೆಯ ಬಾಲ ತಪ್ಪಾಗಿದೆ, ಇಲ್ಲವೇ ಫೈಲ್ ಕೆಟ್ಟಿದೆ. ಮೊದಲನೆಯದು ಪ್ಲೇಯರಿನ ಅಜ್ಞಾನ, ಎರಡನೆಯದು ಹೆಸರಿನ ತೊಡಕು. ಕೊನೆಯ ಪದ ಮಾತ್ರ ಕಣ್ಣಿಗೆ ಬೀಳುತ್ತದೆ, ಗಿರಾಕಿಗೆ ಅದನ್ನೇ ಓದಿ ಹೇಳಲಾಗುತ್ತದೆ.

ಮೊದಲನೆಯದನ್ನೇ ಸ್ವಲ್ಪ ಬಿಡಿಸಿ ನೋಡೋಣ. ವಿಡಿಯೊ ಫೈಲ್ ಅಂದರೆ ಒಂದು ಪೆಟ್ಟಿಗೆ. ಎವಿಐ, ಎಂಪಿ4, 3ಜಿಪಿ, ವಿಒಬಿ ಎಂಬುವೆಲ್ಲ ಪೆಟ್ಟಿಗೆಯ ಹೆಸರುಗಳು. ಒಳಗೆ ಚಿತ್ರ ಬೇರೆ, ದನಿ ಬೇರೆ, ಒಂದೊಂದನ್ನೂ ಜಾಗ ಉಳಿಸಲೆಂದು ಒಂದೊಂದು ರೀತಿಯಲ್ಲಿ ಒತ್ತಿ ಹಿಡಿದು ಬರೆದಿರುತ್ತಾರೆ. ಹಾಗೆ ಬರೆಯುವ, ಮರಳಿ ಬಿಡಿಸುವ ವಿದ್ಯೆಗೆ ಕೋಡೆಕ್ ಎಂದು ಹೆಸರು. ಪೆಟ್ಟಿಗೆ ತೆರೆಯಲು ಬಂದರೂ ಒಳಗಿನ ಬರವಣಿಗೆ ಓದಲು ಬಾರದೆ ಇರಬಹುದು. ಚಿತ್ರ ಬಂದು ದನಿ ಬಾರದಿರುವುದು, ದನಿ ಬಂದು ಪರದೆ ಕಪ್ಪಾಗಿರುವುದು ಇದರಿಂದಲೇ. ನಮ್ಮ ಭಾಗದ ರೈತ ಮನೆತನಗಳಲ್ಲಿ ಮುಂಬೈ ಸರ್ಕಾರದ ಕಾಲದ ಜಮೀನಿನ ಕಾಗದಗಳು ಮೋಡಿ ಲಿಪಿಯಲ್ಲಿ ಇರುತ್ತವೆ. ಕಾಗದ ಗಟ್ಟಿಮುಟ್ಟಾಗಿದೆ, ಮಸಿ ಮಾಸಿಲ್ಲ, ಮನೆಯಲ್ಲಿ ಓದುವವರಿಲ್ಲ, ಅಷ್ಟೇ. ಮೋಡಿ ಬಲ್ಲವರನ್ನು ಹುಡುಕಿಕೊಂಡು ಬೆಳಗಾವಿಗೋ ಧಾರವಾಡಕ್ಕೋ ಹೋಗುತ್ತೇವೆಯೇ ಹೊರತು ಕಾಗದವನ್ನು ಒಲೆಗೆ ಹಾಕುವುದಿಲ್ಲ. ಫೈಲಿನ ವಿಷಯದಲ್ಲಿ ಮಾತ್ರ ಆ ತಾಳ್ಮೆ ನಮಗಿಲ್ಲ.

ಈ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಅತಿ ಹೆಚ್ಚು ಉಳಿದಿರುವುದು ವಿಸಿಡಿ. ಅದರ ನಿಯಮಾವಳಿ ರೂಪುಗೊಂಡದ್ದು 1993ರಲ್ಲಿ. ನಮ್ಮಲ್ಲಿ ಅದರ ಆಳ್ವಿಕೆ ನಡೆದದ್ದು 2000ದ ನಂತರದ ದಶಕದಲ್ಲಿ. ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಹೋದವರು ಬಳೆ-ಭಂಡಾರದ ಜೊತೆಗೆ ಎಲ್ಲಮ್ಮನ ಹಾಡಿನ ಡಿಸ್ಕನ್ನೂ ಕೊಂಡು ತರುತ್ತಿದ್ದ ಕಾಲ ಅದು. ಗೊಡಚಿ ವೀರಭದ್ರನ ಜಾತ್ರೆಯಲ್ಲಿ ಪುರವಂತರು ಒಡಪು ಹೇಳಿದ್ದು, ಚೌಡಿಕೆ ಪದ, ಗೀಗೀ ಮೇಳ, ಬೈಲಹೊಂಗಲ ಸೀಮೆಯ ಕಥೆಯೆಂದೇ ಹೆಸರಾದ ಸಂಗ್ಯಾ ಬಾಳ್ಯಾ ಸಣ್ಣಾಟ, ಇವನ್ನೆಲ್ಲ ಊರಿನ ಸ್ಟುಡಿಯೊದವರು ಹೆಗಲ ಮೇಲಿನ ಕ್ಯಾಮೆರಾದಲ್ಲಿ ಹಿಡಿದು ಡಿಸ್ಕಿಗೆ ಇಳಿಸಿಕೊಟ್ಟರು. ಇಡೀ ರಾತ್ರಿಯ ಆಟ ಒಂದು ಡಿಸ್ಕಿಗೆ ಹಿಡಿಯುವುದಿಲ್ಲ, ಒಂದರಲ್ಲಿ ಸುಮಾರು 74ರಿಂದ 80 ನಿಮಿಷ. ಹಾಗಾಗಿ ಒಂದೇ ಆಟಕ್ಕೆ ನಾಲ್ಕೈದು ಡಿಸ್ಕು. ಅವುಗಳಲ್ಲಿ ಎರಡನೆಯದೋ ಮೂರನೆಯದೋ ಯಾರೋ ಬೀಗರು ಒಯ್ದು ಮರಳಿ ಕೊಟ್ಟಿರುವುದಿಲ್ಲ, ಅದು ಬೇರೆ ಮಾತು.

ವಿಸಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ ಒಳಗೆ ಹಲವು ಫೋಲ್ಡರ್ ಕಾಣುತ್ತವೆ. ನಿಮಗೆ ಬೇಕಾದದ್ದು ಎಂಪೆಗ್‌ಎವಿ ಎಂಬುದು. ಅದರಲ್ಲಿ ಎವಿಸೀಕ್01 ಎಂಬ ಹೆಸರು, ಡ್ಯಾಟ್ ಎಂಬ ಬಾಲ. ಮದುವೆ ಇರುವುದು ಆ ಫೈಲಿನಲ್ಲೇ. ಹಳೆಯ ಕಂಪ್ಯೂಟರಿನಲ್ಲಿ ಯಾವುದೋ ಪ್ಲೇಯರ್ ಈ ಬಾಲವನ್ನು ಗುರುತಿಸಿಟ್ಟುಕೊಂಡಿತ್ತು. ಹೊಸ ವಿಂಡೋಸ್‌ಗೆ ಡ್ಯಾಟ್ ಎಂದರೆ ಯಾವ ತಂತ್ರಾಂಶದ್ದೋ ಏನೋ. ಯಾವುದರಲ್ಲಿ ತೆರೆಯಲಿ ಎಂದು ನಿಮ್ಮನ್ನೇ ಕೇಳುತ್ತದೆ. ಬಹಳ ಮಂದಿ ಪಟ್ಟಿಯಲ್ಲಿ ಕಂಡ ನೋಟ್‌ಪ್ಯಾಡ್ ಒತ್ತುತ್ತಾರೆ, ಪುಟದ ತುಂಬ ಚಿತ್ರವಿಚಿತ್ರ ಅಕ್ಷರ ಸುರಿದು ಬೀಳುತ್ತವೆ, "ನೋಡ್ರಿ, ಕರಪ್ಟ್" ಎಂಬ ತೀರ್ಪಿಗೆ ಸಾಕ್ಷಿಯೂ ಸಿಕ್ಕಂತಾಯಿತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಫೈಲಿಗೆ ಏನೂ ಆಗುವುದಿಲ್ಲ. ಆದರೆ ಮುಚ್ಚುವಾಗ ಸೇವ್ ಮಾಡಲೇ ಎಂದು ಕೇಳಿದಾಗ ಅಪ್ಪಿತಪ್ಪಿ ಹೌದು ಎಂದರೆ, ಅಲ್ಲಿಯವರೆಗೆ ಸರಿಯಾಗಿದ್ದ ಫೈಲ್ ಆಗ ನಿಜವಾಗಿ ಕೆಡುತ್ತದೆ.

ಡ್ಯಾಟ್ ಎಂಬುದನ್ನು ಅಳಿಸಿ ಎಂಪಿಜಿ ಎಂದು ಬರೆದರೆ ಸಾಕು ಎಂಬ ಉಪಾಯ ನಮ್ಮಲ್ಲಿ ಪ್ರಚಾರದಲ್ಲಿದೆ. ಕೆಲವು ಪ್ಲೇಯರ್ ಅದನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಳಗಿರುವುದು ಎಂಪೆಗ್-1 ಎಂಬ ಹಳೆಯ, ಎಲ್ಲರಿಗೂ ಪರಿಚಿತ ಬರವಣಿಗೆಯೇ. ಆದರೆ ಡಿಸ್ಕಿನ ಒಂದೊಂದು ತುಣುಕಿಗೂ ಸುತ್ತಿದ ಹೊದಿಕೆ ನಕಲಿನ ಜೊತೆಗೇ ಬಂದಿರುತ್ತದೆ. ಹೊದಿಕೆ ಬಿಚ್ಚಲು ಗೊತ್ತಿರುವ ಪ್ಲೇಯರಿಗೆ ಬಾಲ ಯಾವುದಾದರೇನು.

ಇನ್ನೊಂದು ಸಂಗತಿ ಸ್ಟುಡಿಯೊದವರಿಗೂ ಅಷ್ಟಾಗಿ ತಿಳಿದಂತಿಲ್ಲ. ಸಾಮಾನ್ಯ ಸಿ.ಡಿ.ಯಲ್ಲಿ ಒಂದೊಂದು ಸೆಕ್ಟರಿನಲ್ಲಿ 2048 ಬೈಟ್ ಮಾಹಿತಿ ಇಟ್ಟು, ಉಳಿದ ಜಾಗದಲ್ಲಿ ತಪ್ಪು ತಿದ್ದಿಕೊಳ್ಳುವ ಸಂಕೇತಗಳನ್ನು ಬರೆದಿರುತ್ತಾರೆ. ವಿಸಿಡಿ ಮಾಡಿದವರು ಹೆಚ್ಚು ಹೊತ್ತಿನ ಚಿತ್ರ ಹಿಡಿಸಲೆಂದು ಆ ತಿದ್ದುಪಡಿಯ ಜಾಗವನ್ನೂ ಚಿತ್ರಕ್ಕೇ ಕೊಟ್ಟು 2324 ಬೈಟ್ ಮಾಡಿಕೊಂಡರು. 700 ಎಂಬಿಯ ಡಿಸ್ಕಿನಲ್ಲಿ 800 ಎಂಬಿಯ ಮದುವೆ ಕೂತಿರುವ ಗುಟ್ಟು ಇದೇ. ಅದಕ್ಕೆ ತೆರುವ ದಂಡವೆಂದರೆ, ಗೀರು ಬಿದ್ದ ಕಡೆ ತಿದ್ದಿಕೊಳ್ಳುವ ಶಕ್ತಿ ಕಡಿಮೆ. ಸುಮ್ಮನೆ ಕಾಪಿ-ಪೇಸ್ಟ್ ಮಾಡಹೋದರೆ ವಿಂಡೋಸ್ ಗೀರಿನ ಹತ್ತಿರ ನಿಂತು ಎಲ್ಲವನ್ನೂ ಕೈಬಿಡುತ್ತದೆ. ಟಿವಿಗೆ ಜೋಡಿಸುತ್ತಿದ್ದ ಹಳೆಯ ವಿಸಿಡಿ ಪ್ಲೇಯರ್ ಅಲ್ಲಿ ಕ್ಷಣ ಕಾಲ ಚಿತ್ರ ಒಡೆದು ತೋರಿಸಿ ಮುಂದೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲೂ ಹಾಗೆ ದಾಟಿಕೊಂಡು ಓದುವ ತಂತ್ರಾಂಶಗಳಿವೆ. ಐಸೊಬಸ್ಟರ್, ವಿಸಿಡಿಗೇರ್ ಎಂಬುವು ಈ ಕೆಲಸಕ್ಕೆ ಹಳೆಯ ಹೆಸರುಗಳು. ಕಾಪಿ ಆಗಲಿಲ್ಲ ಎಂದರೆ ಡಿಸ್ಕ್ ಹೋಯಿತು ಎಂದಲ್ಲ. ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡುವುದೂ ಒಂದು ಮದ್ದೇ. ಹಳೆಯ ಡೆಸ್ಕ್‌ಟಾಪಿನ ಡ್ರೈವು ಹೊಸ ಯುಎಸ್‌ಬಿ ಡ್ರೈವಿಗಿಂತ ಚೆನ್ನಾಗಿ ಓದುವುದುಂಟು.

ಡಿವಿಡಿಯದು ಬೇರೆ ಕಿರಿಕಿರಿ. 2012ರ ವಿಂಡೋಸ್ 8ರಿಂದಲೇ ಡಿವಿಡಿ ನೋಡುವ ಸೌಲಭ್ಯ ವಿಂಡೋಸ್‌ನ ಜೊತೆ ಪುಕ್ಕಟೆಯಾಗಿ ಬರುವುದು ನಿಂತಿದೆ. ಡಿವಿಡಿಯ ವಿಡಿಯೊ ಒಂದೊಂದು ಜಿಬಿಯ ತುಂಡುಗಳಾಗಿ, ವಿಒಬಿ ಎಂಬ ಬಾಲದೊಂದಿಗೆ, ಸಾಲಾಗಿ ಕೂತಿರುತ್ತದೆ. ಇದು ತಿಳಿಯದವರು ಒಂದನ್ನಷ್ಟೇ ನಕಲು ಮಾಡಿಕೊಂಡು, ಅಕ್ಕಿಕಾಳು ಬೀಳುವ ಹೊತ್ತಿಗೆ ವಿಡಿಯೊ ಕಡಿದುಹೋಯಿತೆಂದು ಸ್ಟುಡಿಯೊದವನನ್ನು ಬೈಯುತ್ತಾರೆ. ಇಡೀ ಫೋಲ್ಡರ್ ತರಬೇಕು. ದನಿಯ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದರೆ, ಡಿವಿಡಿಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದ ಎಸಿ-3 ದನಿಯ ಕೋಡೆಕ್ ಅದರ ಜೊತೆ ಬರುವುದಿಲ್ಲ. ಹಳೆಯದರ ಮೇಲೆಯೇ ಅಪ್‌ಗ್ರೇಡ್ ಮಾಡಿಕೊಂಡವರಿಗೆ ಅದು ಉಳಿದಿರುತ್ತದೆ. ಅಂದರೆ ಒಂದೇ ಪೆನ್‌ಡ್ರೈವ್, ಒಂದೇ ವಿಂಡೋಸ್. ಅಣ್ಣನ ಮನೆಯಲ್ಲಿ ಓಲಗ ಕೇಳುತ್ತದೆ, ತಮ್ಮನ ಮನೆಯಲ್ಲಿ ಮೂಕಿ ಚಿತ್ರ. ಫೈಲ್ ಕೆಟ್ಟಿದ್ದರೆ ಇಬ್ಬರ ಮನೆಯಲ್ಲೂ ಕೆಡಬೇಕಿತ್ತಲ್ಲ?

ಪರಿಹಾರ ಬಹುಪಾಲು ಜನರ ಕಿವಿಗೆ ಬಿದ್ದಿರುವಂಥದ್ದೇ, ವಿಎಲ್‌ಸಿ ಪ್ಲೇಯರ್. ಪ್ಯಾರಿಸ್ಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿ, 2001ರಲ್ಲಿ ಎಲ್ಲರಿಗೂ ಮುಕ್ತಗೊಳಿಸಿದ ತಂತ್ರಾಂಶ ಅದು. ರಸ್ತೆಯಲ್ಲಿ ಇಡುವ ಕಿತ್ತಳೆ ಬಣ್ಣದ ಶಂಕು ಅದರ ಗುರುತು. ಅದು ವಿಂಡೋಸ್‌ನಲ್ಲಿರುವ ಕೋಡೆಕ್‌ಗಳಿಗೆ ಕಾಯುವುದಿಲ್ಲ, ತನಗೆ ಬೇಕಾದದ್ದನ್ನು ತನ್ನ ಗಂಟಿನಲ್ಲೇ ಹೊತ್ತು ತರುತ್ತದೆ. ಆದ್ದರಿಂದ ವಿಂಡೋಸ್ ಏನನ್ನು ಕೈಬಿಟ್ಟರೂ ಅದಕ್ಕೆ ಲೆಕ್ಕವಿಲ್ಲ. ವಿಸಿಡಿಯ ಡ್ಯಾಟ್, ಡಿವಿಡಿಯ ವಿಒಬಿ, ಒಂದು ಕಾಲಕ್ಕೆ ಭಾಷಣ-ಪ್ರವಚನಗಳನ್ನು ತುಂಬಿಕೊಂಡು ಬರುತ್ತಿದ್ದ ರಿಯಲ್ ಪ್ಲೇಯರಿನ ಆರ್‌ಎಂ, ಡಿವ್‌ಎಕ್ಸ್ ತುಂಬಿದ ಎವಿಐ, ಎಲ್ಲವನ್ನೂ ಅದು ಓದುತ್ತದೆ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡುವ ಬದಲು ವಿಎಲ್‌ಸಿ ತೆರೆದು ಅದರೊಳಕ್ಕೆ ಫೈಲನ್ನು ಎಳೆದು ಹಾಕಿ. ಅಲ್ಲಿಯೂ ತೆರೆಯದಿದ್ದರೆ ಮಾತ್ರ ಕೆಟ್ಟಿರಬಹುದೆಂಬ ಅನುಮಾನಕ್ಕೆ ಅರ್ಥವಿದೆ.

ಎಲ್ಲಿಂದ ಇಳಿಸಿಕೊಳ್ಳುತ್ತೀರಿ ಎಂಬುದು ಮುಖ್ಯ. ವಿಡಿಯೊಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದ ಮಾತ್ರ ತೆಗೆದುಕೊಳ್ಳಿ. 2022ರಲ್ಲಿ ಕೆಲವು ತಿಂಗಳು ಆ ತಾಣವೇ ಭಾರತದಲ್ಲಿ ತೆರೆಯದಂತೆ ತಡೆಯಲಾಗಿತ್ತು, ಕಾನೂನು ನೋಟಿಸು ಹೋದ ಮೇಲೆ ಅದೇ ನವೆಂಬರಿನಲ್ಲಿ ತಡೆ ತೆರವಾಯಿತು. ಅಸಲಿ ಬಾಗಿಲು ಮುಚ್ಚಿದ ಆ ಹೊತ್ತಿನಲ್ಲಿ ಸಿಕ್ಕಸಿಕ್ಕ ತಾಣದಿಂದ ಇಳಿಸಿಕೊಂಡವರು ಇದ್ದರೆ ಒಮ್ಮೆ ತೆಗೆದು ಹೊಸದಾಗಿ ಹಾಕಿಕೊಳ್ಳುವುದು ಮೇಲು. ಅದಕ್ಕಿಂತ ಅಪಾಯಕಾರಿ, "ಈ ವಿಡಿಯೊ ನೋಡಲು ಕೋಡೆಕ್ ಪ್ಯಾಕ್ ಹಾಕಿ" ಎಂದು ಕರೆಯುವ ತಾಣಗಳು. 2005ರ ಹೊತ್ತಿಗೇ ಜ್ಲಾಬ್ ಎಂಬ ಕುತಂತ್ರಾಂಶ ಕೋಡೆಕ್‌ನ ವೇಷ ಹಾಕಿಕೊಂಡು ಜಗತ್ತಿನ ಕಂಪ್ಯೂಟರ್‌ಗಳನ್ನು ಹೊಕ್ಕಿತ್ತು. ಆ ವೇಷ ಇವತ್ತಿಗೂ ಚಾಲ್ತಿಯಲ್ಲಿದೆ.

ಕಂಪ್ಯೂಟರ್ ಬಿಟ್ಟು ಮೊಬೈಲಿಗೆ ಬಂದರೆ, ನೋಕಿಯಾ ಕಾಲದ ಫೋನುಗಳಲ್ಲಿ ಹಿಡಿದ 3ಜಿಪಿ ವಿಡಿಯೊ ಮತ್ತು ಎಎಂಆರ್ ದನಿಗಳು. ಇವು ಚಿಕ್ಕ ಫೈಲುಗಳು. ಅಜ್ಜಿ ಹಾಡಿದ ಬೀಸುವ ಪದ, ಹೊಲದಲ್ಲಿ ಯಾರೋ ಹೇಳಿದ ಸಂಗೊಳ್ಳಿ ರಾಯಣ್ಣನ ಲಾವಣಿ, ಹೀಗೆ ಬೇರೆಲ್ಲೂ ಇಲ್ಲದ್ದು ಇವುಗಳಲ್ಲಿ ಇರುತ್ತದೆ. ಎಎಂಆರ್ ಮಾಡಿದ್ದು ಫೋನ್ ಮಾತಿಗಾಗಿ. ಸೆಕೆಂಡಿಗೆ 8000 ಸಲ ಮಾತ್ರ ದನಿಯ ಅಳತೆ ತೆಗೆಯುತ್ತದೆ. ಮಾತು ಸ್ಪಷ್ಟ, ಹಾಡಿನ ಮೇಲಿನ ಎಳೆ, ಚೌಡಿಕೆಯ ತಂತಿಯ ಝೇಂಕಾರ ಮೊದಲೇ ಹೋಗಿರುತ್ತವೆ. ಎಂಪಿ3ಗೆ ಪರಿವರ್ತಿಸಿದರೆ ದನಿ ಸುಧಾರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇದ್ದಷ್ಟು ಉಳಿದರೆ ಅದೇ ದೊಡ್ಡದು. ಬಹಳಷ್ಟು ಪ್ಲೇಯರುಗಳು ಇವುಗಳ ಚಿತ್ರ ತೋರಿಸಿ ದನಿ ನುಂಗುತ್ತವೆ. ಇಲ್ಲಿಗೂ ವಿಎಲ್‌ಸಿ ನಡೆಯುತ್ತದೆ.

ಶಾಲೆಗಳ ಕಂಪ್ಯೂಟರ್ ಕೋಣೆಗೆ ಬಂದಿದ್ದ ಕಲಿಕಾ ಸಿ.ಡಿ.ಗಳಲ್ಲಿ, ಫೋಟೊ ಸ್ಟುಡಿಯೊಗಳು ಕೊಟ್ಟ ಪುಟ ತಿರುವುವ ಆಲ್ಬಮ್‌ಗಳಲ್ಲಿ ಫ್ಲ್ಯಾಶ್ ಬಳಕೆ ಹೆಚ್ಚು. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರನ್ನು ಕೈಬಿಟ್ಟು, 2021ರ ಜನವರಿ 12ರಿಂದ ಅದು ಓಡದಂತೆಯೂ ಮಾಡಿತು. ರಫಲ್ ಎಂಬ ಉಚಿತ ತಂತ್ರಾಂಶ ಆ ಫೈಲುಗಳಲ್ಲಿ ಹಲವನ್ನು ಮತ್ತೆ ಆಡಿಸುತ್ತದೆ. ಆಲ್ಬಮ್ಮು ಇಎಕ್ಸ್‌ಇ ರೂಪದಲ್ಲಿದ್ದರೆ ಪ್ಲೇಯರ್ ಅದರ ಒಳಗೇ ಇರುವುದರಿಂದ ವಿಂಡೋಸ್ 11ರಲ್ಲೂ ಓಡುವ ಸಂಭವವಿದೆ. ವೈರಸ್ ಪರೀಕ್ಷೆ ಮಾಡಿಯೇ ಒತ್ತಿ.

ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮಕ್ಕಳ ಹತ್ತಿರ ಮ್ಯಾಕ್ ಇದ್ದರೆ ಅವರದೂ ಇದೇ ಗೋಳು. 2019ರ ಅಕ್ಟೋಬರಿನಲ್ಲಿ ಬಂದ ಕ್ಯಾಟಲೀನಾ ಆವೃತ್ತಿಯಲ್ಲಿ ಆಪಲ್ ಕಂಪನಿ 32 ಬಿಟ್ ತಂತ್ರಾಂಶಗಳನ್ನು ನಿಲ್ಲಿಸಿದಾಗ ಅವುಗಳ ಜೊತೆ ಕ್ವಿಕ್‌ಟೈಮ್ 7 ಹೋಯಿತು, ಅದನ್ನು ನೆಚ್ಚಿಕೊಂಡಿದ್ದ ಹಳೆಯ ವಿಡಿಯೊಗಳೂ ಮುಚ್ಚಿಕೊಂಡವು.

ನಿಜವಾಗಿ ಕೈತಪ್ಪಿದ್ದೂ ಇದೆ, ಅದನ್ನು ಮುಚ್ಚಿಡಬಾರದು. ಎಕ್ಸ್‌ಪಿ ಕಾಲದ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಆಡಿಯೊ ಸಿ.ಡಿ.ಯ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ನಕಲಿನಿಂದ ರಕ್ಷಿಸು ಎಂಬ ಒಂದು ಟಿಕ್ ಇರುತ್ತಿತ್ತು. ಅದು ಬಿದ್ದಿದ್ದರೆ ಆ ಡಬ್ಲ್ಯುಎಂಎ ಫೈಲಿಗೆ ಬೀಗ ಬಿದ್ದಂತೆ, ಬೀಗದ ಕೈ ಅದೇ ಕಂಪ್ಯೂಟರಿನ ಒಳಗೆ. ವಿಂಡೋಸ್ ಅಳಿಸಿ ಹಾಕಿದಾಗ ಬೀಗದ ಕೈಯೂ ಹೋಯಿತು. ಆ ಹಳೆಯ ಬೀಗದ ವ್ಯವಸ್ಥೆಯನ್ನೇ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2024ರಲ್ಲಿ ಹೇಳಿದೆ. ಇಂಥ ಫೈಲಿಗೆ ವಿಎಲ್‌ಸಿಯೂ ಕೈ ಎತ್ತುತ್ತದೆ. ದುಡ್ಡು ಕೊಟ್ಟು ಸಿ.ಡಿ. ಕೊಂಡು, ತನ್ನದೇ ಮನೆಯಲ್ಲಿ ತಾನೇ ಇಳಿಸಿಕೊಂಡ ಹಾಡು ತನಗೇ ತೆರೆಯದಂತೆ ಮಾಡಿದ ಈ ಏರ್ಪಾಡಿಗೆ ಯಾರೂ ಗ್ರಾಹಕರ ಕ್ಷಮೆ ಕೇಳಿದ್ದನ್ನು ನಾನಂತೂ ಕೇಳಿಲ್ಲ.

ತೆರೆದ ಮೇಲೆ ಏನು ಮಾಡಬೇಕು? ಎಚ್.264 ಚಿತ್ರವಿರುವ ಎಂಪಿ4 ಆಗಿ ಒಂದು ಪ್ರತಿ ಮಾಡಿಕೊಂಡರೆ ಟಿವಿ, ಮೊಬೈಲು ಎಲ್ಲದರಲ್ಲೂ ನಡೆಯುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶಕ್ಕೆ ಈ ಕೆಲಸ ಸುಲಭ. ವಿಸಿಡಿಯ ಚಿತ್ರ 352ಕ್ಕೆ 288 ಚುಕ್ಕಿಗಳಷ್ಟೇ. ಅದನ್ನು ಎಚ್‌ಡಿ ಮಾಡಿಕೊಡುತ್ತೇವೆ ಎಂದು ದುಡ್ಡು ಕೇಳುವವರು ಚಿತ್ರವನ್ನು ಹಿಗ್ಗಿಸಿ ಕೊಡುತ್ತಾರೆ. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಮುಖ ನುಣುಪು ಮಾಡಿಯೂ ಕೊಡುತ್ತಾರೆ, ಆಗ ನಿಮ್ಮ ಚಿಕ್ಕಪ್ಪ ನಿಮ್ಮ ಚಿಕ್ಕಪ್ಪನಾಗಿ ಉಳಿಯುವುದಿಲ್ಲ. ಪರಿವರ್ತನೆ ಆಯಿತೆಂದು ಮೂಲ ಫೈಲನ್ನು ಅಳಿಸಬೇಡಿ. ಪ್ರತಿ ಸಲ ಹೊಸ ಕೋಡೆಕ್‌ಗೆ ಬದಲಿಸುವಾಗ ಒಂದಿಷ್ಟು ವಿವರ ಸೋರುತ್ತದೆ, ಮುಂದೆ ಇನ್ನೊಂದು ಸಲ ಮಾಡಬೇಕಾದಾಗ ಮೂಲದಿಂದಲೇ ಮಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವಾದರೆ ಅದು ಮತ್ತೊಮ್ಮೆ ಹಿಂಡುತ್ತದೆ. ಎರಡು ಹಾರ್ಡ್ ಡಿಸ್ಕ್, ಎರಡು ಮನೆ. ತವರಲ್ಲೊಂದು, ಗಂಡನ ಮನೆಯಲ್ಲೊಂದು ಇದ್ದರೂ ಆಯಿತು.

ಕಿತ್ತೂರಿನ ವಿಜಯಕ್ಕೆ 2024ರ ಅಕ್ಟೋಬರ್ 23ಕ್ಕೆ 200 ವರ್ಷ ತುಂಬಿತು. ಉತ್ಸವದ ವೇದಿಕೆಯಲ್ಲಿ ಹಿಂದಿನ ವರ್ಷಗಳಲ್ಲಿ ಹಾಡಿದವರು, ಕುಣಿದವರು, ಸಂಗ್ಯಾ ಬಾಳ್ಯಾ ಆಡಿದ ಮೇಳದವರು ಹಲವರು ಈಗಿಲ್ಲ. ಅವರ ಆಟ ನಮ್ಮ ಊರಿನ ಸ್ಟುಡಿಯೊಗಳ ಕಪಾಟಿನಲ್ಲಿ, ರಬ್ಬರ್ ಹಾಕಿ ಕಟ್ಟಿದ ಡಿಸ್ಕುಗಳಲ್ಲಿ ಇದೆ. ಬರೆಯಬಹುದಾದ ಸಿ.ಡಿ.ಯಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ಅಗ್ಗದ ಸ್ಟಿಕ್ಕರಿನ ಅಂಟು ಮೂರೂ ಅದಕ್ಕೆ ವೈರಿ. ವಿಎಲ್‌ಸಿ ಇನ್ನೂ ಇಪ್ಪತ್ತು ವರ್ಷ ಡ್ಯಾಟ್ ಫೈಲು ಓದಬಹುದು, ಡಿಸ್ಕು ಅಲ್ಲಿಯವರೆಗೆ ತಾಳುತ್ತದೆಂಬ ಭರವಸೆ ನನಗಿಲ್ಲ. ತಾಲ್ಲೂಕು ಕನ್ನಡ ಸಾಹಿತ್ಯ ಪರಿಷತ್ತು, ಊರಿನ ಕಾಲೇಜು, ಉತ್ಸವ ಸಮಿತಿ, ಇವುಗಳಲ್ಲಿ ಯಾವುದಾದರೊಂದು ಮುಂದೆ ಬಂದು ಒಂದು ಕಂಪ್ಯೂಟರ್, ಎರಡು ಡಿಸ್ಕ್ ಡ್ರೈವ್ ಇಟ್ಟುಕೊಂಡು ಜನರಿಂದ ಡಿಸ್ಕುಗಳನ್ನು ತರಿಸಿ ನಕಲು ಮಾಡಿಕೊಡಲಿ. ಖರ್ಚು ಒಂದು ಸನ್ಮಾನದ ಶಾಲು-ಹಾರದಷ್ಟೂ ಬರುವುದಿಲ್ಲ.

ಮನೆಯವರು ಇವತ್ತೇ ಮಾಡಬೇಕಾದ ಕೆಲಸ ಬೇರೆ. ಕಂಪ್ಯೂಟರ್ ಅಂಗಡಿಗೆ ಕೊಡುವಾಗ "ಸಿ ಡ್ರೈವ್ ಅಷ್ಟೇ ಫಾರ್ಮ್ಯಾಟ್ ಮಾಡ್ತೀವ್ರಿ, ಡಿ ಡ್ರೈವ್ ಮುಟ್ಟೂದಿಲ್ಲ" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ನೀವು ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತದೆ, ಡಾಕ್ಯುಮೆಂಟ್ಸ್ ಫೋಲ್ಡರೂ ಅಲ್ಲೇ. ಕೊಡುವ ಮೊದಲು ಅದನ್ನು ತೆಗೆದಿಟ್ಟುಕೊಳ್ಳಿ. ಹಳೆಯ ಯಂತ್ರವನ್ನು ಎಕ್ಸ್‌ಚೇಂಜ್‌ಗೆ ಹಾಕುವವರು ಒಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿಸಿಕೊಂಡು ಮನೆಗೆ ತನ್ನಿ. ಅದಕ್ಕಾಗಿ ಅಂಗಡಿಯವರು ನಾಲ್ಕುನೂರು ಕಡಿಮೆ ಮಾಡಿದರೆ ಮಾಡಲಿ.